ಎಐ ಜತೆ ಓದು-ಬರಹ: ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್, ಕೋಪೈಲಟ್ ಈ ಎಐ ಚಾಟ್‌ಬಾಟ್‌ಗಳಲ್ಲಿ ಒಂದನ್ನಾದರೂ ಮುಟ್ಟದ ವಿದ್ಯಾರ್ಥಿ ಈಗ ಅಪರೂಪ. ಹಾಗಾಗಿ ಬಳಸಬೇಕೇ ಬೇಡವೇ ಎಂಬ ಚರ್ಚೆಯನ್ನು ಬದಿಗಿಟ್ಟು, ಅಸೈನ್‌ಮೆಂಟ್ ಕೈಗೆ ಬಂದ ದಿನದಿಂದ ಸಲ್ಲಿಸುವ ದಿನದವರೆಗೆ ಯಾವಾಗ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಎಂಬುದನ್ನಷ್ಟೇ ಇಲ್ಲಿ ಹೇಳಿದ್ದೇವೆ. ಉದ್ದಕ್ಕೂ ಒಂದೇ ಅಳತೆಗೋಲು: ಸಲ್ಲಿಸಿದ ಬರಹದ ಯಾವ ಸಾಲಿನ ಮೇಲೆ ಬೆರಳಿಟ್ಟು ಕೇಳಿದರೂ ಲ್ಯಾಪ್‌ಟಾಪ್ ತೆರೆಯದೆ ಅದನ್ನು ವಿವರಿಸಲು ನಿಮಗೆ ಬರಬೇಕು. ಬರದಿದ್ದರೆ ಆ ಸಾಲು ನಿಮ್ಮದಲ್ಲ, ನಿಯಮದ ಪ್ರಕಾರ ಅದು ತಪ್ಪಲ್ಲದಿದ್ದರೂ ಅಷ್ಟೇ.

## ಹಂತ 1: ನಿಯಮ ಎಲ್ಲಿದೆ ಎಂದು ಹುಡುಕಿ

ನಿಯಮ ಒಂದೇ ಜಾಗದಲ್ಲಿ ಇರುವುದಿಲ್ಲ. ವಿಶ್ವವಿದ್ಯಾಲಯದ ನೀತಿ ಒಂದು ಮಾತು ಹೇಳಿರುತ್ತದೆ, ವಿಭಾಗದ ಪ್ರಾಜೆಕ್ಟ್ ಕೈಪಿಡಿ ಇನ್ನೊಂದು, ಸಿಲಬಸ್ ಜತೆ ಅಧ್ಯಾಪಕರು ಕೊಟ್ಟ ಸೂಚನೆ ಮತ್ತೊಂದು. ಮೂರನ್ನೂ ಓದಿ, ಅತಿ ಬಿಗಿಯಾಗಿರುವುದನ್ನು ಪಾಲಿಸಿ. ಕಳೆದ ಸೆಮಿಸ್ಟರಿನಲ್ಲಿ ಒಬ್ಬರು ಸರಿ ಎಂದದ್ದನ್ನು ಈ ಸೆಮಿಸ್ಟರಿನಲ್ಲಿ ಇನ್ನೊಬ್ಬರು ಒಪ್ಪಬೇಕೆಂದಿಲ್ಲ.

ಸಾಮಾನ್ಯವಾಗಿ ಕಾಣುವ ನಿಯಮಗಳು ನಾಲ್ಕು ಬಗೆ: ಪೂರ್ತಿ ನಿಷೇಧ, ವಿಷಯ ಹೊಳೆಯಿಸಿಕೊಳ್ಳಲು ಮಾತ್ರ, ಭಾಷೆ ತಿದ್ದಲು ಮಾತ್ರ, ಹೇಗೆ ಬಳಸಿದಿರೆಂದು ಘೋಷಿಸಿದರೆ ಎಲ್ಲಕ್ಕೂ ಆಗಬಹುದು. ಎಲ್ಲೂ ಏನೂ ಬರೆದಿಲ್ಲದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ, ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ, ಇಮೇಲಿನಲ್ಲೇ ಕೇಳಿ. ‘ಎಐ ಬಳಸಬಹುದೇ ಸರ್’ ಎಂದರೆ ‘ನೋಡಿಕೊಂಡು ಬಳಸಿ’ ಎಂಬ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಿರಿ:

“ಮೇಡಂ, ಈ ಅಸೈನ್‌ಮೆಂಟಿಗೆ ಎಐಯನ್ನು ಮೂರು ಕೆಲಸಕ್ಕೆ ಬಳಸಬೇಕೆಂದಿದ್ದೇನೆ. ಒಂದು, ನನ್ನ ಕರಡಿನಲ್ಲಿ ವಾದ ಎಲ್ಲಿ ಸಡಿಲವಾಗಿದೆ ಎಂದು ಕೇಳುವುದಕ್ಕೆ. ಎರಡು, ವ್ಯಾಕರಣದ ತಪ್ಪು ಗುರುತಿಸುವುದಕ್ಕೆ. ಮೂರು, ನಾನು ಸಂಗ್ರಹಿಸಿದ ಅಂಕಿಅಂಶದಿಂದ ಗ್ರಾಫ್ ಬಿಡಿಸುವ ಕೋಡ್ ಬರೆಸುವುದಕ್ಕೆ. ಇವುಗಳಲ್ಲಿ ಯಾವುದು ಆಗಬಹುದು, ಯಾವುದನ್ನು ವರದಿಯಲ್ಲಿ ಘೋಷಿಸಬೇಕು ಎಂದು ದಯವಿಟ್ಟು ತಿಳಿಸಿ.”

ಇಷ್ಟು ಬಿಡಿಸಿ ಕೇಳಿದರೆ ಉತ್ತರವೂ ಬಿಡಿಬಿಡಿಯಾಗಿ ಬರುತ್ತದೆ. ಆ ಇಮೇಲನ್ನು ಅಳಿಸಬೇಡಿ.

ಇಲ್ಲಿ ಹಲವರು ಜಾರುವ ಜಾಗವೊಂದಿದೆ. ‘ನಾನು ಎಐ ಬಳಸಿಯೇ ಇಲ್ಲ’ ಎನ್ನುವವರ ವರ್ಡ್ ಫೈಲಿನಲ್ಲಿ, ಗೂಗಲ್ ಡಾಕ್ಸ್‌ನಲ್ಲಿ, ವ್ಯಾಕರಣ ತಿದ್ದುವ ಗ್ರಾಮರ್ಲಿಯಲ್ಲಿ ‘ಮರುಬರೆ’ ಎನ್ನುವ ಗುಂಡಿ ಕೂತಿರುತ್ತದೆ. ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಎಳೆಯುವುದು ಬೇರೆ, ಇಡೀ ಪ್ಯಾರಾವನ್ನು ಹೊಸದಾಗಿ ಬರೆದುಕೊಡುವುದು ಬೇರೆ. ಎರಡನೆಯದು ನಿಯಮದ ಕಣ್ಣಿನಲ್ಲಿ ಚಾಟ್‌ಬಾಟ್ ಬಳಸಿದಂತೆಯೇ.

## ಹಂತ 2: ಎದುರಿಗಿರುವುದು ಎಂಥ ಯಂತ್ರ ಎಂದು ತಿಳಿಯಿರಿ

ಚಾಟ್‌ಬಾಟ್ ಹಿಂದೆ ಕೆಲಸಮಾಡುವ ಭಾಷಾ ಮಾದರಿಯೊಳಗೆ ಪುಟ ತೆರೆದು ನೋಡಬಹುದಾದ ಗ್ರಂಥಾಲಯವಿಲ್ಲ. ಈವರೆಗಿನ ಪಠ್ಯದ ಮುಂದೆ ಯಾವ ತುಣುಕು ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕಹಾಕಿ, ಅದನ್ನು ಜೋಡಿಸಿ, ಮತ್ತೆ ಮುಂದಿನ ತುಣುಕಿಗೆ ಹೋಗುತ್ತದೆ. ಆ ತುಣುಕಿಗೆ ಟೋಕನ್ ಎನ್ನುತ್ತಾರೆ. ಆಯ್ಕೆಯಲ್ಲಿ ಸ್ವಲ್ಪ ಯಾದೃಚ್ಛಿಕತೆಯನ್ನು ಬೇಕೆಂದೇ ಸೇರಿಸಿರುತ್ತಾರೆ, ಆದ್ದರಿಂದ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಎರಡು ಬಗೆಯ ಉತ್ತರ ಬರಬಹುದು. ತರಬೇತಿ ಒಂದು ದಿನಾಂಕಕ್ಕೆ ನಿಂತಿರುತ್ತದೆ. ಆಮೇಲಿನದು ಬೇಕಿದ್ದರೆ ವೆಬ್ ಹುಡುಕಾಟ ಚಾಲೂ ಇರಬೇಕು.

ಹೀಗಿರುವುದರಿಂದ ನಿಜವನ್ನೂ ಸುಳ್ಳನ್ನೂ ಅದು ಒಂದೇ ಧಾಟಿಯಲ್ಲಿ ಹೇಳುತ್ತದೆ. ಮನುಷ್ಯ ತಡವರಿಸಿದರೆ ನಮಗೆ ಅನುಮಾನ ಬರುತ್ತದೆ, ಯಂತ್ರ ತಡವರಿಸುವುದೇ ಇಲ್ಲ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದರು. ಆ ತೀರ್ಪುಗಳು ಎಲ್ಲೂ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು. ಆ ಪ್ರಕರಣದ ಪಾಠ ಇರುವುದು ಇನ್ನೊಂದು ಕಡೆ: ಇವು ನಿಜವಾದ ಪ್ರಕರಣಗಳೇ ಎಂದು ವಕೀಲರು ಅದೇ ಚಾಟ್‌ಬಾಟನ್ನು ಕೇಳಿದ್ದರು, ಅದು ಹೌದು ಎಂದಿತ್ತು. ಯಂತ್ರದ ಮಾತಿಗೆ ಯಂತ್ರದಿಂದಲೇ ಸಾಕ್ಷಿ ಹೇಳಿಸಬಾರದು.

## ಹಂತ 3: ಕೆಲಸವನ್ನು ಬಿಡಿಸಿ, ಕಲಿಕೆ ಎಲ್ಲಿದೆ ನೋಡಿ

ಅಸೈನ್‌ಮೆಂಟ್ ಬಂದ ಕೂಡಲೇ ಒಂದು ಹಾಳೆಯಲ್ಲಿ ಅದರ ಬಿಡಿ ಕೆಲಸಗಳನ್ನು ಬರೆದುಕೊಳ್ಳಿ. ಪ್ರಶ್ನೆ ಗೊತ್ತುಮಾಡುವುದು, ಆಕರ ಹುಡುಕುವುದು, ಓದುವುದು, ಟಿಪ್ಪಣಿ, ವಾದ ಕಟ್ಟುವುದು, ಬರೆಯುವುದು, ತಿದ್ದುವುದು, ಉಲ್ಲೇಖಪಟ್ಟಿಯ ವಿನ್ಯಾಸ ಹೀಗೆ. ಪ್ರತಿಯೊಂದರ ಮುಂದೆ, ಇದನ್ನು ಕಲಿಸಲೆಂದೇ ಈ ಅಸೈನ್‌ಮೆಂಟ್ ಕೊಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಿ. ಹೌದು ಎಂದಾದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಡಿ.

ಒಂದೇ ಕೆಲಸ ಒಂದು ಕೋರ್ಸಿನಲ್ಲಿ ಕಲಿಕೆ, ಇನ್ನೊಂದರಲ್ಲಿ ಬರೀ ಚಾಕರಿ. ಭೌತವಿಜ್ಞಾನದ ಪ್ರಯೋಗ ವರದಿಯಲ್ಲಿ ಗ್ರಾಫ್ ಬಿಡಿಸುವ ಪೈಥಾನ್ ಕೋಡನ್ನು ಎಐ ಬರೆದರೆ ಹೆಚ್ಚಿನ ನಷ್ಟವಿಲ್ಲ, ದೋಷದ ಅಂದಾಜನ್ನು ನೀವೇ ವಿಶ್ಲೇಷಿಸಬೇಕು. ಅದೇ ಕೋಡ್ ಮೊದಲ ವರ್ಷದ ಪ್ರೋಗ್ರಾಮಿಂಗ್ ಕೋರ್ಸಿನಲ್ಲಿ ಪಾಠದ ಜೀವಾಳ. ಭಾಷಾ ತರಗತಿಯಲ್ಲಿ ಅನುವಾದವೇ ಕಲಿಕೆ, ಸಮಾಜಶಾಸ್ತ್ರದ ವಿದ್ಯಾರ್ಥಿ ಹಿನ್ನೆಲೆಗಾಗಿ ಓದುವ ಜರ್ಮನ್ ಲೇಖನಕ್ಕೆ ಯಂತ್ರಾನುವಾದ ಸಾಕು.

ಇದು ಬರೀ ನೀತಿಯ ಮಾತಲ್ಲ. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಗಣಿತದ ಅಭ್ಯಾಸಕ್ಕೆ ಜಿಪಿಟಿ-4 ಎಂಬ ಭಾಷಾ ಮಾದರಿ ಬಳಸಿದವರು ಅಭ್ಯಾಸದ ಲೆಕ್ಕಗಳನ್ನು ಶೇ 48ರಷ್ಟು ಹೆಚ್ಚು ಚೆನ್ನಾಗಿ ಮಾಡಿದರು. ಎಐ ಕಿತ್ತುಕೊಂಡು ಪರೀಕ್ಷೆಗೆ ಕೂರಿಸಿದಾಗ, ಅದನ್ನು ಮುಟ್ಟದೇ ಓದಿದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವಷ್ಟೇ ಕೊಡುವಂತೆ ರೂಪಿಸಿದ ಇನ್ನೊಂದು ಆವೃತ್ತಿ ಬಳಸಿದವರಿಗೆ ಈ ಪೆಟ್ಟು ಬಹುಮಟ್ಟಿಗೆ ತಪ್ಪಿತು. ಅಂದರೆ ಉಪಕರಣಕ್ಕಿಂತ ಅದನ್ನು ಕೇಳುವ ರೀತಿ ಮುಖ್ಯ. ಲೆಕ್ಕ, ಕೋಡ್, ಪರಿಕಲ್ಪನೆ ಯಾವುದೇ ಇರಲಿ, ಮೊದಲೇ ಹೀಗೆ ಕಟ್ಟುಹಾಕಿ:

“ಈ ಪ್ರಶ್ನೆಗೆ ಉತ್ತರ ಕೊಡಬೇಡ. ನಾನು ಮಾಡಿದ ಹಂತಗಳನ್ನು ಕೆಳಗೆ ಕೊಟ್ಟಿದ್ದೇನೆ. ಮೊದಲ ತಪ್ಪು ಯಾವ ಹಂತದಲ್ಲಿದೆ ಎಂದಷ್ಟೇ ಹೇಳು, ಅದಕ್ಕೊಂದು ಸುಳಿವು ಕೊಡು. ನಾನು ತಿದ್ದಿ ಮತ್ತೆ ಕಳಿಸುವವರೆಗೆ ಮುಂದೆ ಹೋಗಬೇಡ.”

ನಾಲ್ಕೈದು ಸುತ್ತು ಆದಮೇಲೆ ಯಂತ್ರ ಈ ಕರಾರನ್ನು ಮರೆತು ಪೂರ್ತಿ ಉತ್ತರ ಸುರಿಯುವುದುಂಟು. ಆಗ ಹೊಸ ಚಾಟ್ ತೆರೆದು ಸೂಚನೆಯನ್ನು ಮತ್ತೆ ಕೊಡಿ.

## ಹಂತ 4: ಏನನ್ನು ಅಂಟಿಸಬಾರದು

ಚಾಟ್ ಪೆಟ್ಟಿಗೆಗೆ ಹಾಕಿದ್ದು ನಿಮ್ಮ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ, ಬೇರೊಬ್ಬರ ಸರ್ವರಿಗೆ ಹೋಗುತ್ತದೆ. ಇವನ್ನು ಹಾಕಲೇಬೇಡಿ: ಸಂದರ್ಶನದ ಧ್ವನಿಮುದ್ರಣ ಮತ್ತು ಲಿಪ್ಯಂತರ, ರೋಗಿಗಳ ವಿವರ, ಸಹಪಾಠಿಗಳ ಅಂಕ, ಗೈಡ್ ಓದಲು ಕೊಟ್ಟ ಅಪ್ರಕಟಿತ ಹಸ್ತಪ್ರತಿ, ಇಂಟರ್ನ್‌ಶಿಪ್ ಮಾಡುವ ಸಂಸ್ಥೆಯ ಕೋಡ್. ಸ್ಯಾಮ್‌ಸಂಗ್‌ನಂಥ ಕಂಪನಿಯೇ 2023ರಲ್ಲಿ ತನ್ನ ನೌಕರರು ಸೋರ್ಸ್ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ ಇಂಥ ಉಪಕರಣಗಳ ಬಳಕೆಗೆ ತಡೆ ಹಾಕಬೇಕಾಯಿತು.

ಸಂದರ್ಶನಕ್ಕೆ ಒಪ್ಪಿದವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ‘ನಿಮ್ಮ ಮಾತನ್ನು ಹೊರಗಿನ ಎಐ ಸೇವೆಗೆ ಕೊಡುತ್ತೇವೆ’ ಎಂದು ಇಲ್ಲದಿದ್ದರೆ ಕೊಡುವ ಹಕ್ಕು ನಿಮಗಿಲ್ಲ. ಹೆಸರು ತೆಗೆದರೆ ಸಾಕು ಎಂಬ ನಂಬಿಕೆ ತಪ್ಪು. ವಯಸ್ಸು, ಹುದ್ದೆ, ಊರು ಮೂರೂ ಒಟ್ಟಿಗಿದ್ದರೆ ಬಲ್ಲವರಿಗೆ ಆಳಿನ ಗುರುತು ಸಿಕ್ಕಿಬಿಡುತ್ತದೆ. ಗ್ರಂಥಾಲಯದ ಚಂದಾದಲ್ಲಿ ಇಳಿಸಿಕೊಂಡ ಲೇಖನದ ಪಿಡಿಎಫ್ ವಿಷಯದಲ್ಲೂ ಎಚ್ಚರವಿರಲಿ: ಹೊರಗಿನ ಎಐ ಸೇವೆಗೆ ಅಪ್‌ಲೋಡ್ ಮಾಡುವುದನ್ನು ಹಲವು ಪ್ರಕಾಶಕರ ಪರವಾನಗಿ ಒಪ್ಪುವುದಿಲ್ಲ. ಗ್ರಂಥಪಾಲಕರನ್ನು ಕೇಳಿದರೆ ಹೇಳುತ್ತಾರೆ.

ಸೆಟ್ಟಿಂಗ್‌ಗಳನ್ನು ಮೊದಲ ದಿನವೇ ಸರಿಮಾಡಿಕೊಳ್ಳಿ. ಚಾಟ್‌ಜಿಪಿಟಿಯಲ್ಲಿ ‘ಡೇಟಾ ಕಂಟ್ರೋಲ್ಸ್’ ಒಳಗೆ, ನಿಮ್ಮ ಮಾತುಕತೆಯನ್ನು ಮಾದರಿಯ ಸುಧಾರಣೆಗೆ ಬಳಸಲು ಬಿಡುವ ಆಯ್ಕೆ ಇದೆ, ಅದನ್ನು ಆಫ್ ಮಾಡಿ. ‘ಟೆಂಪರರಿ ಚಾಟ್’ ನಿಮ್ಮ ಪಟ್ಟಿಯಲ್ಲಿ ಕಾಣದಿದ್ದರೂ ಸರ್ವರಿನಲ್ಲಿ 30 ದಿನಗಳವರೆಗೆ ಇರಬಹುದು. ಆಯ್ಕೆ ಆಫ್ ಆಗಿದ್ದರೂ ಉತ್ತರದ ಕೆಳಗೆ ಮೆಚ್ಚುಗೆ ಅಥವಾ ಅತೃಪ್ತಿ ತಿಳಿಸುವ ಹೆಬ್ಬೆರಳಿನ ಚಿಹ್ನೆ ಒತ್ತಿದರೆ ಆ ಇಡೀ ಮಾತುಕತೆ ತರಬೇತಿಗೆ ಹೋಗಬಹುದು, ಸುಮ್ಮನೆ ಒತ್ತುವ ಅಭ್ಯಾಸ ಬಿಡಿ. ವಿಶ್ವವಿದ್ಯಾಲಯವೇ ಖಾತೆ ಕೊಟ್ಟಿದ್ದರೆ ಓದಿನ ಕೆಲಸಕ್ಕೆ ಅದನ್ನೇ ಬಳಸಿ, ಅದರ ಒಪ್ಪಂದದಲ್ಲಿ ದತ್ತಾಂಶ ರಕ್ಷಣೆಯ ಷರತ್ತು ಸಾಮಾನ್ಯವಾಗಿ ಇರುತ್ತದೆ.

## ಹಂತ 5: ಮೊದಲು ನಿಮ್ಮ ಕರಡು, ಆಮೇಲೆ ಚಾಟ್

ಖಾಲಿ ಹಾಳೆಯ ಮುಂದೆ ಕೂತು ಚಾಟ್‌ಬಾಟನ್ನು ಕೇಳಿದರೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಚೌಕಟ್ಟು ಬರುತ್ತದೆ: ಪೀಠಿಕೆ, ಅನುಕೂಲ, ಅನಾನುಕೂಲ, ಸವಾಲು, ಉಪಸಂಹಾರ. ಅರವತ್ತು ಜನರ ತರಗತಿಯಲ್ಲಿ ಇಪ್ಪತ್ತು ಉತ್ತರಗಳು ಈ ಅಚ್ಚಿನಲ್ಲಿದ್ದರೆ ಮೌಲ್ಯಮಾಪಕರಿಗೆ ಎಐ ಬರಹ ಪತ್ತೆಹಚ್ಚುವ ಡಿಟೆಕ್ಟರ್ ಬೇಕಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಸಿದ್ಧ ಚೌಕಟ್ಟು ಒಮ್ಮೆ ಕಣ್ಣಿಗೆ ಬಿದ್ದಮೇಲೆ ಬೇರೆ ದಾರಿ ಹೊಳೆಯುವುದು ಕಷ್ಟ.

ಹಾಗಾಗಿ ಅರ್ಧ ಪುಟವಾದರೂ ಸರಿ, ತಪ್ಪುತಪ್ಪಾಗಿಯಾದರೂ ಸರಿ, ನಿಮ್ಮ ವಾದವನ್ನು ಮೊದಲು ಬರೆದು ಫೈಲ್ ಉಳಿಸಿ. ಆಮೇಲೆ ಯಂತ್ರವನ್ನು ವಿಮರ್ಶಕನಾಗಿ ಬಳಸಿ. ಅದರಲ್ಲೂ ಒಂದು ತೊಡಕಿದೆ: ಚಾಟ್‌ಬಾಟ್‌ಗಳದು ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವ ಸ್ವಭಾವ. ಬಳಕೆದಾರರು ಮೆಚ್ಚುವ ಉತ್ತರಕ್ಕೆ ಒಲಿಯುವಂತೆ ತರಬೇತಾಗಿರುವುದೇ ಇದಕ್ಕೆ ಕಾರಣ. ‘ನನ್ನ ಪ್ರಬಂಧ ಹೇಗಿದೆ’ ಎಂದರೆ ಹೊಗಳಿಕೆ ಬರುತ್ತದೆ. ಬದಲಿಗೆ, “ಈ ವಾದವನ್ನು ಒಪ್ಪದ ವಿದ್ವಾಂಸರು ಎತ್ತಬಹುದಾದ ಮೂರು ಆಕ್ಷೇಪ ಹೇಳು, ನನ್ನ ಯಾವ ವಾಕ್ಯಕ್ಕೆ ಯಾವ ಆಕ್ಷೇಪ ಎಂದು ತೋರಿಸು, ವಾಕ್ಯವನ್ನು ತಿದ್ದಿಕೊಡಬೇಡ” ಎನ್ನಿ. ಬರಹ ನಿಮ್ಮದೆಂದು ಹೇಳದೆ ‘ಒಬ್ಬ ವಿದ್ಯಾರ್ಥಿಯ ಕರಡು’ ಎಂದರೆ ಟೀಕೆ ಇನ್ನಷ್ಟು ಹರಿತವಾಗುತ್ತದೆ.

ಒಂದು ಪ್ರಯೋಗ ಮಾಡಿ ನೋಡಿ. ಅದು ಸರಿಯಾದ ಉತ್ತರ ಕೊಟ್ಟಮೇಲೆ, ಕಾರಣ ಕೊಡದೆ ‘ಇದು ತಪ್ಪು ಅನಿಸುತ್ತದೆ’ ಎಂದಷ್ಟೇ ಬರೆಯಿರಿ. ಎಷ್ಟೋ ಸಲ ಕ್ಷಮೆ ಕೇಳಿ ಉತ್ತರ ಬದಲಿಸಿಬಿಡುತ್ತದೆ. ಹೀಗೆ ಮಣಿಯುವುದರ ಒಪ್ಪಿಗೆಗೆ ಎಷ್ಟು ಬೆಲೆ ಕೊಡಬೇಕೆಂದು ಆಗ ನಿಮಗೇ ಗೊತ್ತಾಗುತ್ತದೆ.

## ಹಂತ 6: ಪರಿಶೀಲನೆ

ಹೆಚ್ಚು ಸಮಯ ಬೇಕಾಗುವುದು ಇಲ್ಲೇ. ಎಐ ಉಳಿಸಿಕೊಟ್ಟ ಹೊತ್ತಿನ ಒಂದು ಪಾಲನ್ನು ಇದಕ್ಕೆ ಎತ್ತಿಡದವರೇ ಸಿಕ್ಕಿಬೀಳುವುದು.

ಉಲ್ಲೇಖಗಳಿಂದ ಶುರುಮಾಡಿ. ಯಂತ್ರ ಕಟ್ಟಿದ ಸುಳ್ಳು ಉಲ್ಲೇಖದಲ್ಲಿ ಎಲ್ಲವೂ ಸುಳ್ಳಾಗಿರುವುದಿಲ್ಲ. ಲೇಖಕರು ನಿಜ, ಅವರು ಆ ಕ್ಷೇತ್ರದವರೇ. ಪತ್ರಿಕೆ ನಿಜ. ವರ್ಷ ನಂಬುವಂಥದ್ದು. ಶೀರ್ಷಿಕೆಯಷ್ಟೇ ಯಾರೂ ಬರೆಯದ್ದು. ಇದನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು, ಒಂದೊಂದನ್ನೂ ಈ ಕ್ರಮದಲ್ಲಿ ನೋಡಿ.

1. ಡಿಒಐ (ಲೇಖನಕ್ಕೆ ಕೊಡುವ ಶಾಶ್ವತ ಗುರುತು ಸಂಖ್ಯೆ) ಇದ್ದರೆ ಅದನ್ನು ಡಿಒಐ ತಾಣದಲ್ಲಿ ಹಾಕಿ. ಮೂರರಲ್ಲಿ ಒಂದು ಆಗುತ್ತದೆ: ಸಿಗಲಿಲ್ಲ ಎಂಬ ಸಂದೇಶ, ಬೇರೆಯದೇ ಲೇಖನ, ಅಥವಾ ಸರಿಯಾದ ಲೇಖನ. ಜನ ಮೋಸಹೋಗುವುದು ಎರಡನೆಯದರಲ್ಲಿ. ಲಿಂಕ್ ತೆರೆಯಿತಲ್ಲ ಎಂದು ಮುಂದೆ ಹೋಗಿಬಿಡುತ್ತಾರೆ. ಶೀರ್ಷಿಕೆಯನ್ನು ಅಕ್ಷರಕ್ಕಕ್ಷರ ಹೋಲಿಸಿ.

2. ಡಿಒಐ ಇಲ್ಲದಿದ್ದರೆ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್ ಸ್ಕಾಲರ್‌ನಲ್ಲಿ ಮತ್ತು ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ತಾಣದಲ್ಲಿ ಹುಡುಕಿ. ಸ್ಕಾಲರ್‌ನಲ್ಲಿ ಕಂಡಿತು ಎಂದಮಾತ್ರಕ್ಕೆ ನಂಬಬೇಡಿ. ಲಿಂಕ್ ಇಲ್ಲದೆ ‘ಸೈಟೇಶನ್’ ಎಂಬ ಗುರುತಿನೊಂದಿಗೆ ಮಾತ್ರ ಬಂದರೆ, ಅದನ್ನು ಬೇರೆ ಯಾರೋ ಉಲ್ಲೇಖಿಸಿದ್ದಾರೆ ಎಂದಷ್ಟೇ ಅರ್ಥ. ಅವರೂ ನಿಮ್ಮ ಹಾಗೆ ಚಾಟ್‌ಬಾಟಿನಿಂದ ಎತ್ತಿರಬಹುದು.

3. ಪತ್ರಿಕೆಯ ತಾಣಕ್ಕೆ ಹೋಗಿ ಸಂಪುಟ, ಸಂಚಿಕೆ, ಪುಟ ತಾಳೆ ನೋಡಿ. ವರ್ಷಕ್ಕೊಂದು ಸಂಪುಟ ತರುವ ಪತ್ರಿಕೆಯಾದರೆ ಲೆಕ್ಕ ಸುಲಭ: 2020ರಲ್ಲಿ 45ನೇ ಸಂಪುಟ ಎಂದಿದ್ದರೆ 2016ಕ್ಕೆ 41 ಬರಬೇಕು.

4. ಲೇಖನ ಇದೆ ಎಂದು ಖಚಿತವಾದ ಮೇಲೆ ಅದನ್ನು ತೆರೆದು, ಯಂತ್ರ ಹೇಳಿದ ಮಾತು ಅಲ್ಲಿದೆಯೇ ಹುಡುಕಿ. ಸಾರಾಂಶ ಸಾಲದು, ಫಲಿತಾಂಶದ ಭಾಗ ಓದಿ. ಲೇಖನ ನಿಜವಾಗಿದ್ದು ಅದರ ಬಾಯಲ್ಲಿ ಇಲ್ಲದ ಮಾತು ಹೊರಡಿಸಿರುವುದು ಪೂರ್ತಿ ಸುಳ್ಳು ಉಲ್ಲೇಖಕ್ಕಿಂತ ಹಿಡಿಯಲು ಕಷ್ಟ.

5. ಅಚ್ಚಾದ ಮೇಲೆ ದೋಷ ಕಂಡು ಪತ್ರಿಕೆ ಹಿಂಪಡೆದ ಲೇಖನವೇ ಎಂದು ನೋಡಲು, ಅಂಥವನ್ನು ಪಟ್ಟಿಮಾಡುವ ರಿಟ್ರಾಕ್ಷನ್ ವಾಚ್ ದತ್ತಾಂಶ ಬಳಸಿ. ಅದು 2023ರಿಂದ ಕ್ರಾಸ್‌ರೆಫ್ ಮೂಲಕ ಮುಕ್ತವಾಗಿ ಸಿಗುತ್ತದೆ.

ನಾಲ್ಕನೇ ಹೆಜ್ಜೆ ದಾಟದ ಯಾವ ಉಲ್ಲೇಖವೂ ನಿಮ್ಮ ಪಟ್ಟಿಯಲ್ಲಿ ಇರಬಾರದು. ಚಾಟ್‌ಜಿಪಿಟಿಯಿಂದ ನಕಲಿಸಿದ ಲಿಂಕುಗಳ ಬಾಲದಲ್ಲಿ ಅದರ ಹೆಸರಿನ ತುಂಡೊಂದು ಅಂಟಿಕೊಂಡು ಬರುತ್ತದೆ. ಆ ಬಾಲವನ್ನಷ್ಟೇ ಕತ್ತರಿಸಿ ಸುಮ್ಮನಾಗಬೇಡಿ. ಓದದೇ ಅಂಟಿಸಿದ ಲಿಂಕು ಎಂಬ ಸೂಚನೆ ಅದು, ಅಂಥದ್ದು ಕಂಡಲ್ಲೆಲ್ಲ ಮೂಲ ತೆರೆದು ಓದಿ.

ಸಾರಾಂಶದ ಅಪಾಯ ಬೇರೆ ಬಗೆಯದು. 2025ರಲ್ಲಿ ರಾಯಲ್ ಸೊಸೈಟಿ ಓಪನ್ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹತ್ತು ಮಾದರಿಗಳ 4,900 ಸಾರಾಂಶಗಳನ್ನು ಮೂಲ ವಿಜ್ಞಾನ ಲೇಖನಗಳೊಂದಿಗೆ ಹೋಲಿಸಿತು. ಹೆಚ್ಚಿನ ಮಾದರಿಗಳು ಸೀಮಿತ ಫಲಿತಾಂಶವನ್ನು ಸಾರ್ವತ್ರಿಕ ಸತ್ಯದಂತೆ ಹಿಗ್ಗಿಸಿದ್ದವು. ನಿಖರವಾಗಿರು ಎಂದು ಸೂಚಿಸಿದಾಗ ಈ ದೋಷ ಹೆಚ್ಚಾಯಿತು ಎಂಬುದು ವಿಚಿತ್ರ. ಇದು ನಡೆಯುವುದು ಕ್ರಿಯಾಪದದ ಕೊನೆಯಲ್ಲಿ. ಮೂಲದಲ್ಲಿ ‘ಈ ಔಷಧ ಪಡೆದ 62 ಜನರಲ್ಲಿ ನೋವು ಕಡಿಮೆಯಾಯಿತು’ ಎಂದಿದ್ದರೆ ಸಾರಾಂಶದಲ್ಲಿ ‘ಈ ಔಷಧದಿಂದ ನೋವು ಕಡಿಮೆಯಾಗುತ್ತದೆ’ ಎಂದು ಬರುತ್ತದೆ. ಎಷ್ಟು ಜನ, ಎಲ್ಲಿ, ಯಾವಾಗ ಎಲ್ಲ ಮಾಯ. ಹಾಗಾಗಿ ಸಾರಾಂಶವನ್ನು ಯಾವ ಲೇಖನವನ್ನು ಮೊದಲು ಓದಬೇಕು ಎಂದು ಆರಿಸಲು ಬಳಸಿ, ಓದಿದ್ದೇನೆ ಎಂದುಕೊಳ್ಳಲು ಬೇಡ.

ಪಾರಿಭಾಷಿಕ ಪದ ಗಂಭೀರವಾಗಿ ಕೇಳಿಸಿದರೂ ಪರಿಶೀಲಿಸಿ. ‘ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ’ ಎಂಬ ತಂತ್ರ ಜಗತ್ತಿನಲ್ಲಿಲ್ಲ. 1950ರ ದಶಕದ ಲೇಖನವೊಂದನ್ನು ಸ್ಕ್ಯಾನ್ ಮಾಡುವಾಗ ಪಕ್ಕಪಕ್ಕದ ಎರಡು ಅಂಕಣದ ಪದಗಳು ಕೂಡಿಕೊಂಡು ಹುಟ್ಟಿದ ಈ ಪದಗುಚ್ಛ ಈಚಿನ ಸಂಶೋಧನಾ ಲೇಖನಗಳಲ್ಲೂ ಭಾಷಾ ಮಾದರಿಗಳಲ್ಲೂ ಕಾಣಿಸಿಕೊಂಡಿತು.

ಲೆಕ್ಕಾಚಾರಕ್ಕೆ ಮಾದರಿಯ ‘ಮನಸ್ಸಿನ ಲೆಕ್ಕ’ವನ್ನು ನಂಬಬೇಡಿ. ಕೋಡ್ ಬರೆದು ಓಡಿಸಿ ಉತ್ತರ ಕೊಡು ಎನ್ನಿ, ಒಂದು ಸಾಲನ್ನಾದರೂ ಕೈಯಲ್ಲೇ ಮಾಡಿ ತಾಳೆ ಹಾಕಿ.

ಕೋಡ್ ವಿಷಯದಲ್ಲಿ ಇನ್ನೊಂದು ಹಳ್ಳವಿದೆ. ಹದಿನಾರು ಭಾಷಾ ಮಾದರಿಗಳಿಂದ 5,76,000 ಕೋಡ್ ತುಣುಕುಗಳನ್ನು ಬರೆಸಿ ನೋಡಿದ ಅಧ್ಯಯನವೊಂದರಲ್ಲಿ, ಅವು ಸೂಚಿಸಿದ ಪ್ಯಾಕೇಜುಗಳಲ್ಲಿ (ಇತರರು ಬರೆದಿಟ್ಟ ಸಿದ್ಧ ಕೋಡ್ ಕಟ್ಟುಗಳಲ್ಲಿ) ಸುಮಾರು ಐದರಲ್ಲಿ ಒಂದು ಅಸ್ತಿತ್ವದಲ್ಲೇ ಇರಲಿಲ್ಲ. ಇಲ್ಲದ ಪ್ಯಾಕೇಜು ಇನ್‌ಸ್ಟಾಲ್ ಆಗದೆ ನಿಂತರೆ ಅಡ್ಡಿಯಿಲ್ಲ. ಅದೇ ಹೆಸರಿನಲ್ಲಿ ಕಿಡಿಗೇಡಿಗಳು ದುಷ್ಟ ಪ್ಯಾಕೇಜು ನೋಂದಾಯಿಸಿಟ್ಟಿದ್ದರೆ ಅದು ನಿಮ್ಮ ಯಂತ್ರಕ್ಕೆ ಇಳಿಯುತ್ತದೆ. ಇನ್‌ಸ್ಟಾಲ್ ಮಾಡುವ ಮುನ್ನ ಪ್ಯಾಕೇಜುಗಳ ಭಂಡಾರವಾದ ಪೈಪಿಐ (ಪೈಥಾನ್) ಅಥವಾ ಎನ್‌ಪಿಎಂ (ಜಾವಾಸ್ಕ್ರಿಪ್ಟ್) ತಾಣದಲ್ಲಿ ಅದರ ಪುಟ ನೋಡಿ: ಮೊದಲು ಪ್ರಕಟವಾದ ದಿನಾಂಕ, ಮೂಲ ಕೋಡಿನ ಕೊಂಡಿ, ಎಷ್ಟು ಆವೃತ್ತಿ ಬಂದಿವೆ. ಕೋಡ್ ಪರೀಕ್ಷಿಸುವ ಟೆಸ್ಟುಗಳನ್ನು ನೀವೇ, ಅದೂ ಕೋಡ್ ಬರೆಸುವ ಮೊದಲೇ ಬರೆದಿಡಿ. ಖಾಲಿ ಇನ್‌ಪುಟ್, ಸೊನ್ನೆ, ಋಣಸಂಖ್ಯೆ, ಒಂದೇ ಮೌಲ್ಯ ಎರಡು ಸಲ ಬಂದಾಗ ಏನಾಗುತ್ತದೆ ಎಂಬವು ಅದರಲ್ಲಿರಲಿ.

## ಹಂತ 7: ಭಾಷೆ ತಿದ್ದಿಸುವಾಗ

ಇಡೀ ಅಧ್ಯಾಯ ಕೊಟ್ಟು ‘ಚೆನ್ನಾಗಿ ಮಾಡು’ ಎನ್ನಬೇಡಿ. ಒಂದೊಂದೇ ಪ್ಯಾರಾ ಕೊಟ್ಟು, ತಪ್ಪುಗಳ ಪಟ್ಟಿ ಮತ್ತು ಕಾರಣ ಕೇಳಿ. ತಿದ್ದಿದ ಪಠ್ಯ ಬೇಡ, ತಿದ್ದುವ ಕೆಲಸ ನಿಮ್ಮದು. ಪಠ್ಯವನ್ನೇ ಮರುಬರೆಸಿದರೆ ನೀವು ಹುಷಾರಾಗಿ ಇಟ್ಟ ‘ಇರಬಹುದು’ ಸದ್ದಿಲ್ಲದೆ ‘ಇದೆ’ ಆಗುತ್ತದೆ, ಉಲ್ಲೇಖ ಒಂದು ವಾಕ್ಯ ಆಚೆ ಸರಿದು ತಪ್ಪು ಮಾತಿಗೆ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಬರೆಸಿದರೆ ವಿಷಯದ ಪಾರಿಭಾಷಿಕ ಪದಗಳನ್ನು ಆ ಕ್ಷಣಕ್ಕೆ ತಾನೇ ಹುಟ್ಟಿಸುವುದೂ ಇದೆ. ನಿಮ್ಮ ಪಠ್ಯಪುಸ್ತಕ ಬಳಸುವ ಪದಗಳ ಪಟ್ಟಿಯನ್ನು ಮೊದಲೇ ಕೊಟ್ಟರೆ ಈ ಕಾಟ ಕಡಿಮೆ.

ಬೇರೆಯವರ ಲೇಖನವನ್ನು ಯಂತ್ರದಿಂದ ಬೇರೆ ಮಾತಿನಲ್ಲಿ ಹೇಳಿಸಿ ಉಲ್ಲೇಖವಿಲ್ಲದೆ ಸೇರಿಸಿದರೆ ಅದು ಕೃತಿಚೌರ್ಯವೇ, ಕೃತಿಚೌರ್ಯ ತಪಾಸಣೆಯ ಹೋಲಿಕೆ ವರದಿ ಸೊನ್ನೆ ತೋರಿಸಿದರೂ. ಇನ್ನು ಎಐ ಬರಹವನ್ನು ‘ಮನುಷ್ಯರ ಬರಹ’ ಮಾಡಿಕೊಡುತ್ತೇವೆ ಎನ್ನುವ ಉಪಕರಣಗಳು ಬಹುತೇಕ ಪದ ಬದಲಿಸುವ ಗಿರಣಿಗಳು. ಪದ ಬದಲಿಸುವುದರ ಫಲ ಏನೆಂದು 2021ರಲ್ಲೇ ಸಂಶೋಧಕರು ತೋರಿಸಿದ್ದಾರೆ: ಪ್ರಕಟಿತ ಲೇಖನಗಳಲ್ಲಿ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಹೋಗಿ ‘ಕೌಂಟರ್‌ಫೀಟ್ ಕಾನ್ಶಸ್‌ನೆಸ್’ ಬಂದಿತ್ತು. ಆ ಕ್ಷೇತ್ರ ಬಲ್ಲವರು ಒಂದು ಸಾಲು ಓದಿದರೆ ಸಾಕು.

ಸಲ್ಲಿಸುವ ಮುನ್ನ ಇಡೀ ಬರಹವನ್ನು ಒಮ್ಮೆ ಗಟ್ಟಿಯಾಗಿ ಓದಿ. 2024ರಲ್ಲಿ ಒಂದು ಸಂಶೋಧನಾ ಲೇಖನದ ಪೀಠಿಕೆ ‘ಖಂಡಿತ, ನಿಮ್ಮ ವಿಷಯಕ್ಕೆ ಇದೋ ಒಂದು ಪೀಠಿಕೆ’ ಎಂಬರ್ಥದ ಚಾಟ್‌ಬಾಟ್ ಮಾತಿನಿಂದಲೇ ಶುರುವಾಗಿ ಅಚ್ಚಾಗಿಬಿಟ್ಟಿತ್ತು. ಲೇಖಕರು, ಸಂಪಾದಕರು, ವಿಮರ್ಶಕರು ಯಾರೂ ಮೊದಲ ವಾಕ್ಯ ಓದಿರಲಿಲ್ಲ ಎಂದೇ ಅರ್ಥ.

## ಹಂತ 8: ದಾಖಲೆ ಮತ್ತು ಘೋಷಣೆ

ಒಂದು ಸ್ಪ್ರೆಡ್‌ಶೀಟ್ ಸಾಕು. ಐದು ಅಂಕಣ: ದಿನಾಂಕ; ಉಪಕರಣ ಮತ್ತು ಆವೃತ್ತಿ; ಕೇಳಿದ್ದು; ಬಂದದ್ದರಲ್ಲಿ ಇಟ್ಟುಕೊಂಡದ್ದು; ಹೇಗೆ ಪರಿಶೀಲಿಸಿದಿರಿ. ಬಳಸಿದ ದಿನವೇ ತುಂಬಿ, ಸಲ್ಲಿಸುವ ಹಿಂದಿನ ರಾತ್ರಿ ನೆನಪಿನಿಂದ ತುಂಬಿದ ದಾಖಲೆ ದಾಖಲೆಯಲ್ಲ. ಚಾಟ್‌ನ ಹಂಚಿಕೆ ಲಿಂಕನ್ನು ನೆಚ್ಚಬೇಡಿ, ಖಾತೆ ಅಳಿಸಿದರೆ ಅದೂ ಹೋಗುತ್ತದೆ. ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಘೋಷಣೆ ಚಿಕ್ಕದಾಗಿ, ನಿರ್ದಿಷ್ಟವಾಗಿ ಇರಲಿ. ‘ಈ ವರದಿ ತಯಾರಿಸಲು ಎಐ ನೆರವು ಪಡೆಯಲಾಗಿದೆ’ ಎಂಬ ಸಾಲಿನಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ, ಅನುಮಾನ ಮಾತ್ರ ಹುಟ್ಟುತ್ತದೆ. ಹೀಗೆ ಬರೆಯಬಹುದು:

“ಮೂರನೇ ಅಧ್ಯಾಯದ ಗ್ರಾಫ್‌ಗಳ ಪೈಥಾನ್ ಕೋಡನ್ನು ಚಾಟ್‌ಜಿಪಿಟಿ ನೆರವಿನಿಂದ ಬರೆದು, ಸ್ಪ್ರೆಡ್‌ಶೀಟಿನ ಲೆಕ್ಕದೊಂದಿಗೆ ತಾಳೆ ನೋಡಿದ್ದೇನೆ. ಎರಡನೇ ಅಧ್ಯಾಯದ ವ್ಯಾಕರಣ ದೋಷಗಳನ್ನು ಅದೇ ಉಪಕರಣದಿಂದ ಗುರುತಿಸಿ ನಾನೇ ತಿದ್ದಿದ್ದೇನೆ. ಆಕರಗಳ ಆಯ್ಕೆ, ವಿಶ್ಲೇಷಣೆ, ತೀರ್ಮಾನ ನನ್ನವು. ಮಾತುಕತೆಯ ಪ್ರತಿ ಅನುಬಂಧದಲ್ಲಿದೆ.”

ಉಲ್ಲೇಖದ ರೂಪ ಶೈಲಿಯಿಂದ ಶೈಲಿಗೆ ಬೇರೆ. ಎಪಿಎ ಶೈಲಿಯಲ್ಲಿ ಉಪಕರಣ ತಯಾರಿಸಿದ ಕಂಪನಿ ಲೇಖಕರ ಜಾಗದಲ್ಲಿ ಬರುತ್ತದೆ. ಎಂಎಲ್‌ಎ ಶೈಲಿ ಲೇಖಕರ ಜಾಗವನ್ನು ಖಾಲಿ ಬಿಟ್ಟು, ನೀವು ಕೇಳಿದ ಪ್ರಶ್ನೆಯ ವಿವರಣೆಯಿಂದ ಶುರುಮಾಡುತ್ತದೆ. ಆದರೆ ಎಐಯನ್ನು ಸಹಲೇಖಕನಾಗಿ ಸೇರಿಸುವಂತಿಲ್ಲ. ಪ್ರಕಟಣಾ ನೀತಿ ಸಮಿತಿ ಕೋಪ್ 2023ರಲ್ಲೇ ಇದನ್ನು ಸ್ಪಷ್ಟಪಡಿಸಿದೆ: ಬರೆದದ್ದಕ್ಕೆ ಹೊಣೆ ಹೊರಲಾಗದ್ದು ಲೇಖಕನಲ್ಲ. ವಾಸ್ತವ ಸಂಗತಿಗೆ ಆಧಾರವಾಗಿಯೂ ಚಾಟ್‌ಬಾಟನ್ನು ಉಲ್ಲೇಖಿಸಬೇಡಿ. ಅದು ಹೇಳಿದ ಮಾತೇ ನಿಮ್ಮ ಅಧ್ಯಯನದ ವಸ್ತುವಾಗಿದ್ದರೆ ಮಾತ್ರ ಸರಿ, ಉಳಿದಂತೆ ಮೂಲ ಆಕರವೇ ಬೇಕು.

ಗುಂಪು ಪ್ರಾಜೆಕ್ಟಾದರೆ ಮೊದಲ ಸಭೆಯಲ್ಲೇ ಯಾರು ಯಾವ ಕೆಲಸಕ್ಕೆ ಎಐ ಬಳಸುತ್ತಾರೆ ಎಂದು ಬರೆದುಕೊಂಡು, ದಾಖಲೆಯ ಹಾಳೆಯನ್ನು ಎಲ್ಲರಿಗೂ ತೆರೆದಿಡಿ. ಒಬ್ಬರ ಭಾಗದ ಸುಳ್ಳು ಉಲ್ಲೇಖಕ್ಕೆ ನಾಲ್ವರೂ ಉತ್ತರ ಕೊಡಬೇಕಾಗುತ್ತದೆ.

## ಹಂತ 9: ಡಿಟೆಕ್ಟರ್ ನಿಮ್ಮ ಕಡೆ ಬೆರಳು ತೋರಿಸಿದರೆ

ಎಐ ಪತ್ತೆ ಉಪಕರಣಗಳು ಬರಹ ಎಷ್ಟು ‘ಊಹಿಸಬಹುದಾದಷ್ಟು’ ಸಪಾಟಾಗಿದೆ ಎಂಬಂಥ ಲಕ್ಷಣಗಳಿಂದ ಅಂದಾಜು ಮಾಡುತ್ತವೆ. ಕೃತಿಚೌರ್ಯದ ವರದಿಯ ಹಾಗೆ ‘ಇಗೋ ಮೂಲ’ ಎಂದು ತೋರಿಸಲು ಅವುಗಳ ಬಳಿ ಏನೂ ಇರುವುದಿಲ್ಲ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಬಿಟ್ಟ ಪತ್ತೆ ಉಪಕರಣ ಎಐ ಬರಹದಲ್ಲಿ ಶೇ 26ನ್ನು ಮಾತ್ರ ಹಿಡಿಯುತ್ತಿತ್ತು, ಮನುಷ್ಯರ ಬರಹದಲ್ಲಿ ಶೇ 9ನ್ನು ತಪ್ಪಾಗಿ ಎಐ ಎನ್ನುತ್ತಿತ್ತು. ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಹಿಂತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟಾಗ ಸರಾಸರಿ ಶೇ 61ಕ್ಕೂ ಹೆಚ್ಚು ಎಐ ಬರಹ ಎಂದು ಬಂತು. ಸರಳ ಪದ, ಸರಳ ವಾಕ್ಯರಚನೆಯೇ ಅವರಿಗೆ ಮುಳುವಾಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವವರು ಈ ಸಂಗತಿಯನ್ನು ತಿಳಿದಿರಬೇಕು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2023ರ ಆಗಸ್ಟ್‌ನಲ್ಲಿ ಕೃತಿಚೌರ್ಯ ಹುಡುಕುವ ಟರ್ನಿಟಿನ್ ತಂತ್ರಾಂಶದ ಎಐ ಪತ್ತೆ ಸೌಲಭ್ಯವನ್ನೇ ನಿಲ್ಲಿಸಿತು. ಅವರು ಕೊಟ್ಟ ಲೆಕ್ಕ ಸರಳ: ಹಿಂದಿನ ವರ್ಷ ಬಂದ 75,000 ಬರಹಗಳಲ್ಲಿ ಶೇ 1 ತಪ್ಪಾದರೂ 750 ನಿರಪರಾಧಿಗಳ ಮೇಲೆ ಆರೋಪ.

ಆರೋಪ ಬಂದರೆ ಆ ಕ್ಷಣದಲ್ಲೇ ಉದ್ದದ ಉತ್ತರ ಬರೆಯಬೇಡಿ. ಯಾವ ಉಪಕರಣ, ಯಾವ ಭಾಗದ ಮೇಲೆ, ಎಷ್ಟು ಎಂದಿದೆ ಎಂಬುದನ್ನು ಲಿಖಿತವಾಗಿ ಕೇಳಿ. ಗೂಗಲ್ ಡಾಕ್ಸ್ ಅಥವಾ ಒನ್‌ಡ್ರೈವ್‌ನ ‘ವರ್ಷನ್ ಹಿಸ್ಟರಿ’ ತೆರೆದು ಕರಡು ದಿನದಿಂದ ದಿನಕ್ಕೆ ಬೆಳೆದದ್ದನ್ನು ತೋರಿಸಿ. ಇದಕ್ಕಾಗಿಯೇ ಶುರುವಿನಿಂದ ಒಂದೇ ಫೈಲಿನಲ್ಲಿ ಬರೆಯುವುದು ಒಳ್ಳೆಯದು, ಬೇರೆಲ್ಲೋ ಬರೆದು ಕೊನೆಗೆ ಒಟ್ಟಿಗೆ ಅಂಟಿಸಿದರೆ ಇತಿಹಾಸದಲ್ಲಿ ಒಂದೇ ದೊಡ್ಡ ಪೇಸ್ಟ್ ಕಾಣುತ್ತದೆ. ಕೈಬರಹದ ಟಿಪ್ಪಣಿ, ಗೆರೆ ಎಳೆದ ಲೇಖನಗಳು, ಎಂಟನೇ ಹಂತದ ದಾಖಲೆ ಜತೆಗಿರಲಿ. ಇನ್ನೊಂದು ಡಿಟೆಕ್ಟರ್‌ಗೆ ಹಾಕಿ ‘ನೋಡಿ, ಇಲ್ಲಿ ಸೊನ್ನೆ ಬಂದಿದೆ’ ಎಂದು ವಾದಿಸಬೇಡಿ. ಹಾಗೆ ಮಾಡಿದರೆ ಡಿಟೆಕ್ಟರ್ ನಂಬಲರ್ಹ ಎಂದು ನೀವೇ ಒಪ್ಪಿದಂತಾಗುತ್ತದೆ. ವೈವಾ ಕೊಡಲು ಸಿದ್ಧ ಎಂದು ನೀವಾಗಿಯೇ ಹೇಳಿ, ಹೋಗುವ ಮೊದಲು ಪ್ರತಿ ಅಧ್ಯಾಯದಲ್ಲಿ ಒಂದು ನಿರ್ಧಾರವನ್ನು ಆರಿಸಿಕೊಂಡು, ಅದನ್ನೇ ಯಾಕೆ ತೆಗೆದುಕೊಂಡಿರಿ, ಯಾವುದನ್ನು ಬಿಟ್ಟಿರಿ ಎಂದು ಎರಡು ಮಾತು ಹೇಳಿ ಅಭ್ಯಾಸ ಮಾಡಿ. ಆ ಬರಹವನ್ನು ಕಟ್ಟಿದವರಿಗೆ ಮಾತ್ರ ಇದು ಸರಾಗವಾಗಿ ಬರುತ್ತದೆ, ಕೇಳುವ ಅಧ್ಯಾಪಕರಿಗೂ ಅದು ಗೊತ್ತಿರುತ್ತದೆ.